ನಾಗಾ ಮೆಣಸಿನಕಾಯಿಯೂ ನನ್ನ ಕಣ್ಣೂ

ಮೊದಲೇ ಹೇಳಿಬಿಡುತ್ತೇನೆ, ನನ್ನ ಕಣ್ಣಿನಲ್ಲಿ ಯಾವ ದೋಷವೂ ಇಲ್ಲ. ಮೂವತ್ತು ವರ್ಷ ಉಮದಿಯ ಪೇಟೆಯಲ್ಲಿ ಹೊಲಿಗೆ ಯಂತ್ರ ತುಳಿದವನು ನಾನು. ಗಿರಾಕಿ ಹೊಸ್ತಿಲು ದಾಟಿ ಒಳಗೆ ಬರುವಷ್ಟರಲ್ಲಿ ಅವನ ಎದೆ ಎಷ್ಟು, ಹೆಗಲು ಎಷ್ಟು, ಹೊಟ್ಟೆ ಎಷ್ಟು ಮುಂದೆ ಬಂದಿದೆ ಎಂಬುದನ್ನೆಲ್ಲ ಈ ಕಣ್ಣು ಅಳೆದು ಮುಗಿಸಿರುತ್ತದೆ. ಟೇಪು ಕೊರಳಿಗೆ ಹಾಕಿಕೊಳ್ಳುವುದು ಗಿರಾಕಿಯ ಸಮಾಧಾನಕ್ಕೆ ಮಾತ್ರ. ಇಂಥ ಕಣ್ಣನ್ನು ನಲವತ್ತೊಂಬತ್ತನೇ ಇಸವಿಯಲ್ಲಿ, ಅಂದರೆ ಜತ್ತದ ಸಂಸ್ಥಾನ ಹೋಗಿ ಮುಂಬಯಿ ಸರಕಾರ ಬಂದ ಮರುವರ್ಷ, ಈ ಊರಿನವರು ಕೆಟ್ಟ ಕಣ್ಣು ಎಂದರು. ಅಂದದ್ದು ಸಾಲದೆಂದು ನನ್ನ ಮೊಮ್ಮಗನ ಮುಖವನ್ನು ಹದಿನೇಳು ದಿನ ನನಗೆ ತೋರಿಸಲಿಲ್ಲ. ಅದೂ ನನ್ನದೇ ಮನೆಯಲ್ಲಿ! ನೆನೆಸಿಕೊಂಡರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ.

ಇದಕ್ಕೆಲ್ಲ ಮೂಲ ನನ್ನ ಹೆಂಡತಿ ಸಿದ್ದಲಿಂಗವ್ವನ ತಮ್ಮ, ಸೋಮನಿಂಗಪ್ಪ. ಯುದ್ಧದ ಕಾಲಕ್ಕೆ ಲಷ್ಕರ ಸೇರಿ, ಆಸಾಮದ ಕಡೆ ಗೋರಾ ಅಧಿಕಾರಿಗಳ ಅಡುಗೆಮನೆಯಲ್ಲಿ ಪಾತ್ರೆ ತಿಕ್ಕಿ, ಊರಿಗೆ ಬಂದ ಮೇಲೆ ತೋಪು ಹಾರಿಸಿದವನಂತೆ ಮೀಸೆ ತಿರುವುತ್ತಿದ್ದ ಮನುಷ್ಯ. ಬಂದವನು ಎಲ್ಲರಿಗೂ ಏನೇನೋ ಕೊಟ್ಟ. ಒಬ್ಬರಿಗೆ ಕಂಬಳಿ, ಒಬ್ಬರಿಗೆ ಗಡಿಯಾರ. ನನ್ನ ಕೈಯಲ್ಲಿ ಇಟ್ಟದ್ದು ಬೂಟ್ ಪಾಲಿಶಿನ ಡಬ್ಬಿ. ಅದರ ತುಂಬ ಮೆಣಸಿನಕಾಯಿ ಬೀಜ.

“ಮಾವಾರ, ಇದು ನಾಗಾ ಗುಡ್ಡದ ಬೀಜ. ಹುಡುಗಾಟ ತಿಳೀಬ್ಯಾಡ್ರಿ,” ಎಂದು ದನಿ ತಗ್ಗಿಸಿ ಹೇಳಿದ. “ಒಂದ ಕಾಯಿ ದಾರಕ್ಕ ಕಟ್ಟಿ ಸಾರಿನ ಹಂಡೇದಾಗ ಒಮ್ಮಿ ಅದ್ದಿ ಎತ್ತಿದ್ರ ಮುಗೀತು. ನೂರ ಮಂದಿ ಸಿಪಾಯಿಗಳು ನೀರ ನೀರ ಅಂತ ಒದರತಿದ್ರು.”

ನನಗೆ ಗಡಿಯಾರ ಸಿಗಲಿಲ್ಲವೆಂಬ ಸಿಟ್ಟು ಅಲ್ಲಿಗೇ ಇಳಿಯಿತು. ಗಡಿಯಾರ ಯಾರ ಬಳಿಯಾದರೂ ಇರುತ್ತದೆ. ನೂರು ಸಿಪಾಯಿಗಳನ್ನು ಒದರಿಸುವ ಮೆಣಸಿನಕಾಯಿ ಇಡೀ ಜತ್ತ ತಾಲೂಕಿನಲ್ಲಿ ಯಾರ ಹತ್ತಿರ ಇತ್ತು? ಡಬ್ಬಿಯಲ್ಲಿದ್ದ ದಪ್ಪ ಬೀಜಗಳನ್ನಷ್ಟೇ ಆರಿಸಿದೆ. ಐದು ಸೀಮೆಎಣ್ಣೆ ಡಬ್ಬಗಳಲ್ಲಿ ಕುರಿಗೊಬ್ಬರ ಹಾಕಿ, ಅಂಗಡಿಯ ಮುಂದಿನ ಅಂಗಳದಲ್ಲಿ ಊರಿಗೆಲ್ಲ ಕಾಣುವಂತೆ ಊರಿದೆ.

ಗಿಡ ಬಂತು ನೋಡಿ! ಗೇಣುದ್ದದ ಕಾಯಿ, ಎತ್ತಿನ ಕೋಡಿನ ಬಾಗು, ಹಣ್ಣಾದರೆ ಕಣ್ಣು ಕುಕ್ಕುವ ಕೆಂಪು. ಅಂಥ ಕಾಯಿಯನ್ನು ಊರವರು ಕಂಡಿರಲಿಲ್ಲ. ನಾನು ಸುತ್ತಲೂ ಜಾಲಿಮುಳ್ಳು ಕಟ್ಟಿ ಒಂದು ಫಲಕ ತೂಗುಹಾಕಿದೆ. ಕನ್ನಡದಲ್ಲಿ “ಮುಟ್ಟಬಾರದು, ಜೀವಕ್ಕೆ ಅಪಾಯ,” ಅದರ ಕೆಳಗೆ ಸರಕಾರದವರಿಗೂ ತಿಳಿಯಲೆಂದು ಮರಾಠಿಯಲ್ಲಿ “ಹಾತ ಲಾವೂ ನಯೇ.” ಹಣ್ಣು ಬಿಡಿಸುವಾಗ ಮೂಗಿಗೆ ಧೋತರದ ಚುಂಗು ಕಟ್ಟಿಕೊಂಡು ಒಲೆಯ ಇಕ್ಕಳ ಹಿಡಿದು ನಿಲ್ಲುತ್ತಿದ್ದೆ. ಅದನ್ನು ನೋಡಲು ಬೀದಿಯಲ್ಲಿ ಮಂದಿ ಸೇರುತ್ತಿದ್ದರು. ಎದುರುಮನೆಯಲ್ಲಿದ್ದ, ಊರ ಲೆಕ್ಕ ಬರೆಯುವ ತಲಾಠಿಯ ಹೆಂಡತಿ ಇಂದ್ರಾಬಾಯಿ ತನ್ನ ಬಾಗಿಲಲ್ಲಿ ನಿಂತೇ ಎಂಟು ದಿನ ಸೀನಿ ಕಷಾಯ ಕುಡಿದಳು. ಕುರುಬರ ಅಮಸಿದ್ದ ತನ್ನ ಮಾಡಗ್ಯಾಳದ ಟಗರನ್ನು ನಮ್ಮ ಓಣಿಯಿಂದ ಹೊಡೆಯುವುದನ್ನೇ ಬಿಟ್ಟು ಮಾರುತಿ ಗುಡಿ ಸುತ್ತಿ ಹೋಗತೊಡಗಿದ.

“ಮಾಸ್ತರ, ನೀವ ಒಮ್ಮ್ಯಾರ ತಿಂದ ನೋಡೀರೇನ್ರಿ?” ಎಂದು ಆ ಅಮಸಿದ್ದನೇ ಒಂದು ದಿನ ದೂರದಿಂದ ಕೇಳಿದ.

“ಬಂದೂಕ ಚಲೋ ಅದನೋ ಇಲ್ಲೋ ಅಂತ ಯಾರರ ತಮ್ಮ ಎದಿಗೆ ಹಿಡಕೊಂಡ ನೋಡ್ತಾರೇನೋ ಖೋಡಿ?” ಎಂದು ಗದರಿದೆ. ಅವನು ಒಪ್ಪಿ ತಲೆಯಾಡಿಸಿಕೊಂಡು ಹೋದ. ನನ್ನ ತಪ್ಪು ಇಷ್ಟೇ. ಇದಕ್ಕಿಂತ ಹೆಚ್ಚಿನ ಅಪರಾಧ ನಾನು ಮಾಡಿಲ್ಲ.

ಜತ್ತದ ಶೇತಕಿ ಕಚೇರಿಗೆ, ಅಂದರೆ ಒಕ್ಕಲುತನದ ಖಾತೆಗೆ, ಒಂದು ಅರ್ಜಿಯನ್ನೂ ಬರೆದೆ. ಮುಂಬಯಿ ರಾಜ್ಯದಲ್ಲಿ ಎಲ್ಲಿಯೂ ಇಲ್ಲದ ಖಾರದ ಜಾತಿಯೊಂದನ್ನು ಉಮದಿಯ ಶಿವಯೋಗೆಪ್ಪ ಟೇಲರರು ಸ್ವಂತ ಬುದ್ಧಿಯಿಂದ ಬೆಳೆದಿದ್ದಾರೆ, ಸಾಹೇಬರು ಬಂದು ಪರೀಕ್ಷಿಸಿ ಅದಕ್ಕೆ ಯೋಗ್ಯ ಹೆಸರು ದಾಖಲಿಸಬೇಕು ಎಂದು. ಯೋಗ್ಯ ಹೆಸರು ಯಾವುದೆಂದು ನಾನೇ ಹೇಳುವುದು ಚೆನ್ನಾಗಿರುವುದಿಲ್ಲವೆಂದು ಸಹಿಯನ್ನು ದೊಡ್ಡದಾಗಿ ಮಾಡಿದೆ. ಉತ್ತರ ಬರಲಿಲ್ಲ. ಹೊಸ ಸರಕಾರ, ಕಾಗದ ಇನ್ನೂ ಬಂದಿರಲಿಕ್ಕಿಲ್ಲ.

ಇಷ್ಟರಲ್ಲಿ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದ ನನ್ನ ಮಗಳು ಸಾವಿತ್ರೆವ್ವ ಗಂಡು ಹೆತ್ತಳು. ನಮ್ಮಲ್ಲಿ ಬಾಣಂತಿ ಕೋಣೆಗೆ ಗಂಡಸರು ಇಣುಕುವ ಪದ್ಧತಿ ಇಲ್ಲ. ಹನ್ನೆರಡು ದಿನ ಆ ಅಳು ಕೇಳುತ್ತ ಹೊರಗೆ ಕುಳಿತು, ಹಸಿರು ಖಣದಲ್ಲಿ ಕೂಸಿಗೆ ತಲೆ, ಬೆನ್ನು ಮುಚ್ಚುವ ಕುಂಚಿಗೆ ಹೊಲಿದೆ. ಎಂಥ ಕುಂಚಿಗೆ! ಅಂಚಿಗೆ ಜರಿ, ತುದಿಗೆ ಗೊಂಡೆ. ಹದಿಮೂರನೇ ದಿನ ತೊಟ್ಟಿಲು. ಬೆಳುಂಕಿಯಿಂದ ಬೀಗಿತ್ತಿ ಗೌರವ್ವ ಗಾಡಿ ತುಂಬ ಹೆಂಗಸರನ್ನು ತುಂಬಿಕೊಂಡು ಬಂದಳು. ಕುಂಚಿಗೆ ಹಾಕಿದ ಕೂಸನ್ನು ಸಾವಿತ್ರೆವ್ವ ಹೊರಗೆ ತಂದಾಗ ನಾನು ಮೊದಲ ಸಲ ಅದರ ಕಡೆ ನೋಡಿದೆ. ಕಂಡದ್ದು ಒಂದು ಕೆನ್ನೆ, ಅರ್ಧ ಮೂಗು. ಅಷ್ಟಕ್ಕೇ ಬಾಯಿ ತಡೆಯಲಿಲ್ಲ.

“ತಲಿ ಹದಿನಾಕ ಇಂಚ, ಎದಿ ಹದಿಮೂರೂವರಿ! ಏನ್ ದುಂಡಗ ಅದಾನ ನನ್ನಪ್ಪ! ಮೂವತ್ತ ವರ್ಷದಾಗ ಇಂಥಾ ಕೂಸ ಅಳದಿಲ್ಲ ನಾ!”

ಕೂಸು ಕಿಟಾರನೆ ಕಿರುಚಿತು. ಯಾಕೆ ಕಿರುಚಬಾರದು? ಅರವತ್ತು ಕೈಗಳ ಬಳೆ ಸದ್ದು, ಊದಿನಕಡ್ಡಿಯ ಹೊಗೆ, ಹದಿಮೂರು ದಿನದ ಜೀವ. ಆದರೆ ಗೌರವ್ವ ನನ್ನನ್ನು ನೋಡಿದಳು, ಮತ್ತೆ ಕೂಸನ್ನು ನೋಡಿದಳು.

“ನೆದರಾತು,” ಎಂದಳು. “ಮೊದಲ ನೆದರ ತಗೀರಿ.”

ಸಿದ್ದಲಿಂಗವ್ವ ದೃಷ್ಟಿ ತೆಗೆಯಲು ಉಪ್ಪು, ಸಾಸಿವೆ ಹಿಡಿದು ಒಣ ಮೆಣಸಿನಕಾಯಿಯ ಗಡಿಗೆಗೆ ಕೈ ಹಾಕಿದಳು. ಇಲ್ಲಿ ನಾನು ಸುಮ್ಮನಿದ್ದರೆ ಆಗುತ್ತಿತ್ತು. ಸುಮ್ಮನಿರಲಿಲ್ಲ.

“ನನ್ನ ಮೊಮ್ಮಗಗ ಆ ಸಾದಾ ಮೆಣಸಿನಕಾಯಿ ಯಾಕ? ನಾಗಾ ತರತೀನಿ ತಡಿ!”

ಒಣಗಿಸಿ ಬೀರುವಿನಲ್ಲಿಟ್ಟಿದ್ದ ಏಳು ಕಾಯಿಗಳನ್ನು ಇಕ್ಕಳದಲ್ಲಿ ಹಿಡಿದು ತಂದೆ. ಸಣ್ಣ ಮಕ್ಕಳನ್ನೆಲ್ಲ ಹೊರಗಟ್ಟಿದೆ. ಬಾಗಿಲು, ಕಿಟಕಿ ತೆರೆಸಿದೆ. “ಎಲ್ಲಾರೂ ಮೂಗ ಮುಚ್ಚಕೋರಿ, ಆಮ್ಯಾಲ ನನಗ ಅನಬ್ಯಾಡ್ರಿ,” ಎಂದು ಎಚ್ಚರಿಕೆ ಕೊಟ್ಟೆ. ಮೂವತ್ತು ಹೆಂಗಸರು ಮೂಗಿಗೆ ಸೆರಗು ಒತ್ತಿಕೊಂಡು ನಿಂತರು. ಸಿದ್ದಲಿಂಗವ್ವ ಕೂಸಿಗೆ ಮೂರು ಸಲ ಇಳಿಸಿ, ಅದನ್ನು ಅದರ ತಾಯಿಯ ಜೊತೆ ಹೊರಗೆ ಕಳಿಸಿ, ಏಳೂ ಕಾಯಿಗಳನ್ನು ಒಲೆಗೆ ಹಾಕಿ ಹಿಂದಕ್ಕೆ ಹಾರಿದಳು.

ಕಾಯಿಗಳು ಮುರುಟಿದವು. ಕಪ್ಪಾದವು. ಉರಿದವು. ಬೂದಿಯಾದವು. ಯಾರೂ ಕೆಮ್ಮಲಿಲ್ಲ. ಒಬ್ಬಳು ಮೆಲ್ಲಗೆ ಸೆರಗು ಇಳಿಸಿದಳು. ಇನ್ನೊಬ್ಬಳು ಮೂಗು ಮುಂದೆ ಚಾಚಿ ಮೂಸಿದಳು. ಸುಟ್ಟ ಬದನೆಕಾಯಿಯ ವಾಸನೆ ಮಾತ್ರ ಬರುತ್ತಿತ್ತು.

ನಮ್ಮ ಕಡೆಯ ಲೆಕ್ಕ ನಿಮಗೆ ಗೊತ್ತಿರಬೇಕು. ಒಲೆಗೆ ಹಾಕಿದ ಮೆಣಸಿನಕಾಯಿ ಘಾಟು ಎದ್ದು ಕೆಮ್ಮಿಸಿದರೆ ದೃಷ್ಟಿ ಇಲ್ಲ. ಘಾಟು ಬರದಿದ್ದರೆ ದೃಷ್ಟಿ ಆಗಿದೆ, ಅದೇ ಖಾರವನ್ನು ನುಂಗಿದೆ ಎಂದು ಅರ್ಥ. ಸಾದಾ ಮೆಣಸಿನಕಾಯಿ ಘಾಟು ಬರದಿದ್ದರೆ ಸಾದಾ ದೃಷ್ಟಿ. ಇವು ನೂರು ಸಿಪಾಯಿಗಳ ಮೆಣಸಿನಕಾಯಿ, ಅದೂ ಏಳು!

“ಏಳನೂರ ಮಂದಿ ಖಾರ ನುಂಗೇತಿ,” ಎಂದು ಗೌರವ್ವ ಎದೆಗೆ ಕೈ ಇಟ್ಟುಕೊಂಡಳು. “ಯವ್ವಾ, ಇದೆಂಥಾ ಕಣ್ಣ! ಕೂಸಿನ್ನ ಕಡೀಕ ನೋಡಿದವರ ಯಾರು?”

ಮೂವತ್ತು ತಲೆಗಳು ತಿರುಗಿದವು. ನಾನು ಇಕ್ಕಳ ಹಿಡಿದುಕೊಂಡು ನಿಂತಿದ್ದೆ.

ಅಂದಿನಿಂದ ಬಾಣಂತಿ ಕೋಣೆಗೆ ಕಂಬಳಿಯ ಪರದೆ ಬಿತ್ತು. ತೊಟ್ಟಿಲು ಮುಗಿಸಿ ಮರುದಿನ ಹೋಗಬೇಕಿದ್ದ ಗೌರವ್ವ ಗಾಡಿ ವಾಪಸು ಕಳಿಸಿ ಪರದೆಯ ಮುಂದೆ ಮಣೆ ಹಾಕಿಕೊಂಡು ಕುಳಿತಳು. ನಾನು ನೀರು ಕುಡಿಯಲು ಒಳಗೆ ಬಂದರೂ, “ಬೀಗರ, ಗ್ವಾಡಿ ಕಡೆ ಮಾರಿ ಮಾಡಿ ಹೋಗ್ರಿ,” ಎನ್ನುವಳು. ಮೂವತ್ತು ವರ್ಷ ಸಂಸಾರ ಮಾಡಿದ ಸಿದ್ದಲಿಂಗವ್ವನಾದರೂ ನನ್ನ ಪರವಾಗಿ ಒಂದು ಮಾತು ಆಡಬೇಕೋ ಬೇಡವೋ?

“ಇರಲಿ ಬಿಡ್ರಿ, ಕೂಸಿನ ಸಲುವಾಗಿ ಸ್ವಲ್ಪ ದಿನ ನೋಡಬ್ಯಾಡ್ರಿ,” ಎಂದಳು. “ನೀವರ ಬೇಕಂತ ಮಾಡೀರೇನು? ಕಣ್ಣ ಹಂಗ ಅದಾವ, ಏನ ಮಾಡೋದು?”

ಇದು ಸಮಾಧಾನ ಹೇಳುವ ರೀತಿಯೇ?

ಸುದ್ದಿ ಪೇಟೆಗೆ ಹಬ್ಬಿತು. ಎಲ್ಲರಿಗೂ ತಮ್ಮ ತಮ್ಮ ದೃಷ್ಟಿ ಪರೀಕ್ಷೆ ಮಾಡಿಸುವ ಹುಚ್ಚು ಹಿಡಿಯಿತು. ಪರೀಕ್ಷೆಗೆ ನನ್ನದೇ ಮೆಣಸಿನಕಾಯಿ ಬೇಕು, ಯಾಕೆಂದರೆ ಅದಕ್ಕಿಂತ ಖಾರದ್ದು ಇಲ್ಲವೆಂದು ನಾನೇ ಊರಿಗೆಲ್ಲ ಸಾರಿದ್ದೆ. ಇಂದ್ರಾಬಾಯಿ ತನ್ನ ಹೊಸ ಎಮ್ಮೆಗೆ ಇಳಿಸಿದಳು, ಘಾಟಿಲ್ಲ. ಹಪ್ಪಳಕ್ಕೆ ಇಳಿಸಿದಳು, ಘಾಟಿಲ್ಲ. ತಲಾಠಿಗೆ ಇಳಿಸಿದಳು, ಆಗಲೂ ಘಾಟಿಲ್ಲ. ಯಾರು ಇಳಿಸಿದರೂ ನನ್ನ ಕಣ್ಣಿನ ಹೆಸರೇ ಬರುತ್ತಿತ್ತು. ಗಿರಾಕಿಗಳು ಬಟ್ಟೆಯನ್ನು ಹೊಸ್ತಿಲ ಹೊರಗಿಟ್ಟು, “ಹಳೇ ಅಳತೀನ ಇರಲಿ,” ಎಂದು ಬೆನ್ನು ತೋರಿಸಿ ಓಡುತ್ತಿದ್ದರು. ಒಬ್ಬ ಮಹಾಶಯ ತನ್ನ ಸೊಂಟದ ಅಳತೆಯನ್ನು ಸೆಣಬಿನ ಹಗ್ಗಕ್ಕೆ ಗಂಟು ಹಾಕಿ ಬಾಗಿಲಿನಿಂದ ಎಸೆದ. ಲಗ್ನದ ಬಟ್ಟೆಯ ಒಂದು ದೊಡ್ಡ ಗಂಟು ನನ್ನ ಅಂಗಡಿ ದಾಟಿ ಚಡಚಣಕ್ಕೆ ಹೋಯಿತು.

ಕೊನೆಗೆ ಅಮಸಿದ್ದ ಜಗಳಕ್ಕೇ ಬಂದ. ಮುಖಕ್ಕೆ ಕಂಬಳಿ ಮುಚ್ಚಿಕೊಂಡಿದ್ದ.

“ಮಾಸ್ತರ, ಹ್ವಾದ ಸಂತಿ ದಿನಾ ನನ್ನ ಟಗರ ನೋಡಿ ಏನ ಅಂದ್ರಿ?”

“ಕೊರಳ ಇಪ್ಪತ್ತೆರಡ ಇಂಚ ಅಂದೆ. ಸುಳ್ಳಂದ್ರ ಟೇಪ ಹಚ್ಚಿ ನೋಡು.”

“ಇಪ್ಪತ್ತೆರಡ ಅಂದ್ರಿ, ಅವತ್ತಿಂದ ಅದು ಮೇವ ಮುಟ್ಟವಲ್ದು!”

“ನಿನ್ನ ಹೇಣ್ತಿ ಬೀರವ್ವ ಒಣಾ ಹಾಕಿದ್ದ ಜ್ವಾಳ ಎರಡ ಶೇರ ತಿಂದೈತಲ್ಲೋ ಅದು! ಇನ್ನ ಮೇವ ಎಲ್ಲಿ ಹಿಡಸ್ಬೇಕು?”

“ಜ್ವಾಳ ತಿಂದಿದ್ದ ಖರೆ,” ಎಂದು ಅವನು ಕಂಬಳಿಯೊಳಗಿಂದಲೇ ಹೇಳಿದ. “ಆದ್ರ ನಿಮ್ಮ ಮೆಣಸಿನಕಾಯಿ ಸುಳ್ಳ ಹೇಳತೇತೇನ್ರಿ?”

ನನ್ನ ಮೆಣಸಿನಕಾಯಿ ಸುಳ್ಳು ಹೇಳುತ್ತದೆಯೇ? ಅವನು ಹೋದ ಮೇಲೆ ಬಾಗಿಲು ಹಾಕಿಕೊಂಡೆ. ಒಂದು ಲೋಟ ಮಜ್ಜಿಗೆ, ಒಂದು ಮುಷ್ಟಿ ಬೆಲ್ಲ ಎದುರಿಗಿಟ್ಟುಕೊಂಡು, ದೇವರನ್ನು ನೆನೆದು, ಒಂದು ಕಾಯಿಯ ತುದಿಯನ್ನು ನಾಲಿಗೆಗೆ ತಾಗಿಸಿದೆ. ಏನೂ ಆಗಲಿಲ್ಲ. ಕಚ್ಚಿದೆ. ಅಗಿದೆ. ಸಿಹಿ! ಎಳೆ ಸೌತೆಕಾಯಿಯಷ್ಟು ಸಿಹಿ. ಮಜ್ಜಿಗೆ ಕುಡಿಯುವ ಕೆಲಸವೇ ಬೀಳಲಿಲ್ಲ.

ಈಗ ಹೇಳಿ, ನಾನೇನು ಮಾಡಬೇಕಾಗಿತ್ತು? ಕಾಯಿ ಸಪ್ಪೆ ಎಂದರೆ ಕಣ್ಣು ಶುದ್ಧವಾಗುತ್ತದೆ, ಮೊಮ್ಮಗ ಸಿಗುತ್ತಾನೆ. ಆದರೆ ಆ ಮುಳ್ಳುಬೇಲಿ, ಆ ಇಕ್ಕಳ, ಸರಕಾರಕ್ಕೆ ಬರೆದ ಆ ಅರ್ಜಿ? ಸಾಯುವ ತನಕ ಮಂದಿ ನಗುತ್ತಾರೆ. ಎರಡು ದಿನ ಬಾಯಿ ಬಿಗಿಹಿಡಿದು ತಿರುಗಿದೆ. ಮೂರನೆಯ ದಿನ ಮಧ್ಯಾಹ್ನ ಪರದೆಯಾಚೆ ಕೂಸು ಸೀನಿತು. ಒಂದೇ ಒಂದು ಸಣ್ಣ ಸೀನು. ಅದಕ್ಕೆ ನನ್ನ ಹೆಂಡತಿ, ಬೀಗಿತ್ತಿ, ಮಗಳು ಮೂವರೂ ನಕ್ಕರು. ಗೋಡೆಯ ಕಡೆ ಮುಖ ಮಾಡಿಕೊಂಡು ನಿಂತಿದ್ದ ನನಗೆ ದುಃಖ ಉಮ್ಮಳಿಸಿ ಬಂತು. ಸುಡುಗಾಡು ಮರ್ಯಾದೆ, ಹೇಳಿಬಿಡೋಣ ಎಂದು ತಿರುಗಿದೆ. ಅಷ್ಟರಲ್ಲಿ ಹೊರಗೆ ಸೈಕಲ್ ಗಂಟೆ ಕೇಳಿಸಿತು.

ಶೇತಕಿ ಖಾತೆಯ ಸಾಹೇಬರು! ಖಾಕಿ ಚಡ್ಡಿ, ಬಿಳಿ ಟೋಪಿ, ಕಂಕುಳಲ್ಲಿ ಒಂದು ದಪ್ಪ ಪುಸ್ತಕ. ಬರಬೇಕಾದಾಗ ಬರಲಿಲ್ಲ, ಬರಬಾರದ ಹೊತ್ತಿನಲ್ಲಿ ಬಂದರು. ಅವರ ಹಿಂದೆ ಇಂದ್ರಾಬಾಯಿ, ಕಂಬಳಿಯೊಳಗಿನ ಅಮಸಿದ್ದ, ಸೋಮನಿಂಗಪ್ಪ, ಅರ್ಧ ಪೇಟೆ. ಗೌರವ್ವನೂ ಮಣೆ ಬಿಟ್ಟು ಕಟ್ಟೆಗೆ ಬಂದಳು. ಸಾಹೇಬರು ಬೇಲಿಯ ಮುಳ್ಳು ಸರಿಸಿ ಬರಿಗೈಯಿಂದ ಕಾಯಿ ಕಿತ್ತಾಗ ಮಂದಿ ಹಾ ಎಂದು ಹಿಂದೆ ಸರಿದರು.

ನಾನು ತಡೆಯಲಿಲ್ಲ. ಮುಂದೆ ನುಗ್ಗಿ ಒಂದು ಕೆಂಪು ಕಾಯಿ ಕಿತ್ತು, ಎಲ್ಲರ ಎದುರಿಗೆ ತೊಟ್ಟಿನ ತನಕ ಕರುಂ ಕರುಂ ತಿಂದೆ. ಇನ್ನೊಂದು ತಿಂದೆ. “ಸಪ್ಪ!” ಎಂದು ಕೂಗಿದೆ. “ಖಾರನ ಇಲ್ಲ ಇದಕ! ನಾ ತಿಂದ ನೋಡಲಾರದ ಬಡಾಯಿ ಬಿಟ್ಟೆ. ನನ್ನ ಕಣ್ಣಾಗ ಏನೂ ಇಲ್ಲ, ಕಾಯಿನ ಸಪ್ಪ!”

ಸಾಹೇಬರು ಪುಸ್ತಕ ತಿರುವಿ, ತಾವೂ ಒಂದು ಚೂರು ತಿಂದು, “ಅರೇ, ಹೀ ತರ ಭಾಜೀಚೀ ಮಿರಚೀ,” ಎಂದರು. ಆಮೇಲೆ ನಮ್ಮ ಭಾಷೆಗೆ ಇಳಿದು, “ಇದು ಪಲ್ಯಾದ ಜಾತಿ. ಗೋರಾ ಮಂದಿ ಒಳಗ ಖೀಮಾ ತುಂಬಿ ತಿಂತಾರ,” ಎಂದು ಬಿಡಿಸಿ ಹೇಳಿದರು. ಸೋಮನಿಂಗಪ್ಪ ಬೀಜವನ್ನು ಎಲ್ಲಿಂದ ತಂದನೆಂದು ಕೇಳಿದರು. ಅಧಿಕಾರಿಗಳ ಅಡುಗೆಮನೆಯ ಹಿತ್ತಲಿನದೂ ನಾಗಾ ಗುಡ್ಡದ್ದೂ ಎರಡನ್ನೂ ಒಂದೇ ಡಬ್ಬಿಗೆ ಸುರಿದಿದ್ದೆ ಎಂದು ಆ ಮೀಸೆಯವನು ಆಗ ಬಾಯಿ ಬಿಟ್ಟ.

ಸುಖಾಂತವಾಯಿತು ಎಂದುಕೊಂಡೆ. ಗೌರವ್ವನ ಬುದ್ಧಿ ನನಗೆ ಗೊತ್ತಿರಲಿಲ್ಲ.

“ಸಾಹೇಬರ,” ಎಂದಳು ಆಕೆ, “ಇವರು ನೋಡೂಕಿಂತ ಮೊದಲ ನೀವು ಈ ಕಾಯಿ ನೋಡಿದ್ರೇನು?”

“ಇಲ್ಲ ಬಾಯಿ.”

“ಮತ್ತ? ಇವರು ದಿನಾ ಮುಂಜಾನಿ ಸಂಜಿ ಇದರ ಮುಂದ ನಿಂತ ನೋಡ್ಯಾರ, ಊರಿಗೆಲ್ಲಾ ಕೇಳೂ ಹಂಗ ಹೊಗಳ್ಯಾರ. ಗಿಡದಾಗಿನ ಖಾರ ಇವರ ಕಣ್ಣ ಹೀರೇತಿ. ಕೂಸಿನ ಗತಿ ಏನಾಗತಿತ್ತೋ ಯಪ್ಪಾ!”

ಮಂದಿ ಹೌದು ಹೌದು ಎಂದರು. ಸಾಹೇಬರು ಪುಸ್ತಕದಲ್ಲಿ ಇದಕ್ಕೆ ಉತ್ತರ ಹುಡುಕಿದರು, ಸಿಗಲಿಲ್ಲ. ಇಡೀ ಊರಿನೆದುರು ಮರ್ಯಾದೆ ಕಳೆದುಕೊಂಡು ಎರಡು ಕಾಯಿ ತಿಂದದ್ದು ಇದಕ್ಕೇನು?

ಸಾಹೇಬರು ಕೈ ತೊಳೆಯಲು ಬಚ್ಚಲ ಕಡೆ ಹೋದವರು ಅಲ್ಲಿಂದಲೇ ನಾಲ್ಕು ಸಲ ಸೀನಿದರು. ಹೋಗಿ ನೋಡಿದರೆ ಬಚ್ಚಲ ಹಿಂದಿನ ಮೋರಿಯ ಪಕ್ಕದಲ್ಲಿ ನಾನು ಕಂಡೇ ಇರದ ಒಂದು ಗಿಡ. ಅದರ ತುಂಬ ಹೆಬ್ಬೆಟ್ಟಿನಷ್ಟು ಗಿಡ್ಡ, ಮೈಯೆಲ್ಲ ಸುಕ್ಕಿನ, ಮುದುಕಿಯ ಗಲ್ಲದಂಥ ಕಾಯಿಗಳು. ಕೆಲವು ಗಿಡದಲ್ಲೇ ಒಣಗಿದ್ದವು. ಸಾಹೇಬರ ಕೈಯಲ್ಲಿ ಒಂದು ಮುರಿದ ಕಾಯಿ, ಕಣ್ಣಲ್ಲಿ ನೀರು.

“ಹೀಚ ತೀ!” ಎಂದು ಸಾಹೇಬರು ಸೀನುಗಳ ನಡುವೆ ಸಾರಿದರು. “ಇದ ನಾಗಾ! ಇದ!”

“ನೀವು ಸಣ್ಣ ಬೀಜ ಬ್ಯಾಡಂತ ಡಬ್ಬ್ಯಾಗ ಬಿಟ್ಟಿದ್ರಲ್ಲ,” ಎಂದಳು ಸಿದ್ದಲಿಂಗವ್ವ. “ಡಬ್ಬಿ ತೊಳದ ನೀರ ಇಲ್ಲೇ ಚೆಲ್ಲಿದ್ದೆ.”

“ನೋಡ್ರಿ!” ಎಂದಳು ಗೌರವ್ವ, ಕೇಸು ಗೆದ್ದವಳಂತೆ. “ಇದರ ಮ್ಯಾಲ ಇವರ ಕಣ್ಣ ಬಿದ್ದಿಲ್ಲ. ಅದಕ ಖಾರ ಉಳದೈತಿ.”

ಆಗ ನನ್ನ ತಲೆ ಕೆಟ್ಟಿತು. ಆ ಗಿಡದಲ್ಲಿ ಒಣಗಿದ್ದ ಏಳು ಕಾಯಿಗಳನ್ನು ಬರಿಗೈಯಿಂದ ಕಿತ್ತೆ. ಒಂದೊಂದನ್ನೇ ಮುಖದ ಮುಂದೆ ಹಿಡಿದು ಕಣ್ಣು ಅಗಲಿಸಿ ನೋಡಿದೆ. “ನೋಡೇನಿ! ಏನ್ ಚೆಂದ ಅದ ಈ ಕಾಯಿ! ಮುಂಬಯಿ ರಾಜ್ಯದಾಗ ಇಂಥಾದ್ದಿಲ್ಲ! ಹೊಗಳೇನಿ, ಎಲ್ಲಾರೂ ಕೇಳಿರಿಲ್ಲೋ?” ಏಳೂ ಕಾಯಿಗಳಿಗೆ ಹೀಗೆ ದೃಷ್ಟಿ ಹಾಕಿ ಗೌರವ್ವನ ಮುಂದೆ ಚಾಚಿದೆ. “ಗೌರಕ್ಕಾರ, ಇವನ್ನ ಕೂಸಿಗೆ ಇಳಿಸಿ ಒಲಿಗೆ ಹಾಕ್ರಿ. ಘಾಟ ಬರಲಿಲ್ಲ, ಈ ಹೊಸ್ತಿಲ ತುಳಿಯೂದಿಲ್ಲ ನಾ, ನಾಳೆ ಊರ ಬಿಡತೀನಿ. ಬಂತು, ಕೂಸ ನನ್ನ ತೊಡಿಮ್ಯಾಲ ಇಡಬೇಕು. ಒಪ್ಪಿಗೆನೋ?”

“ಎಪ್ಪಾ, ಬ್ಯಾಡೋ!” ಎಂದು ಪರದೆಯ ಹಿಂದಿನಿಂದ ಸಾವಿತ್ರೆವ್ವ ಅತ್ತಳು.

“ಒಪ್ಪಿಗಿ,” ಎಂದಳು ಗೌರವ್ವ.

ಕುಂಚಿಗೆಯೊಳಗೆ ಮುಖ ಮುಚ್ಚಿದ ಕೂಸಿಗೆ ಆಕೆಯೇ ಮೂರು ಸಲ ಇಳಿಸಿದಳು. ಸಾಹೇಬರು ಹೇಳಿದರೆಂದು ಬಾಣಂತಿಯನ್ನೂ ಕೂಸನ್ನೂ ಓಣಿಯ ಕೊನೆಯ ಬೇವಿನಮರದ ಕಟ್ಟೆಗೆ ಕಳಿಸಿದರು. ಗೌರವ್ವ ಏಳೂ ಕಾಯಿಗಳನ್ನು ಕೆಂಡದ ಮೇಲೆ ಹಾಕಿ, ಸೊಂಟಕ್ಕೆ ಕೈ ಕೊಟ್ಟು, ನನ್ನನ್ನು ದಿಟ್ಟಿಸುತ್ತ ನಿಂತಳು. ಒಂದು. ಎರಡು. ಮೂರು. ಏನೂ ಇಲ್ಲ. ನಾಲ್ಕು.

ಐದು ಎಣಿಸಲಾಗಲಿಲ್ಲ. ಅಟ್ಟದ ಮೇಲಿನ ಬೆಕ್ಕು ಕೆಳಗೆ ಹಾರಿ, ಗೌರವ್ವನ ಹೆಗಲು ತುಳಿದು, ಹೊರಗೆ ಓಡಿತು. ಅದರ ಹಿಂದೆ ಗೌರವ್ವ. ಅವಳ ಹಿಂದೆ ಅರ್ಧ ಪೇಟೆ. ಇಂದ್ರಾಬಾಯಿ ಇಷ್ಟು ದಿನ ಸೀನಿದ್ದೆಲ್ಲ ಬರೀ ಅಭ್ಯಾಸಕ್ಕೆ ಎನ್ನುವ ಹಾಗೆ ಸೀನಿದಳು. ಸಾಹೇಬರು ಟೋಪಿ, ಪುಸ್ತಕ ಬಿಟ್ಟು ಸೈಕಲ್ ಹತ್ತಿ, ಜತ್ತದ ದಾರಿ ಬಿಟ್ಟು ಚಡಚಣದ ದಾರಿ ಹಿಡಿದರು. ಅಮಸಿದ್ದನ ಟಗರು ಗೂಟ ಕಿತ್ತುಕೊಂಡು ಅವರನ್ನು ಹಿಂದೆ ಹಾಕಿತು. ತಲಾಠಿ ಕಚೇರಿಯಲ್ಲಿ ಕುಳಿತವರೂ ಕೆಮ್ಮುತ್ತ ಹೊರಗೆ ಬಂದರಂತೆ.

ಬೇವಿನಕಟ್ಟೆಯ ಮೇಲೆ ಎಲ್ಲರೂ ಮೂಗು ಹಿಂಡಿಕೊಳ್ಳುತ್ತ ಕುಳಿತಾಗ ಗೌರವ್ವ ಕೆಮ್ಮಿ ಕೆಮ್ಮಿ ಕೆಂಪಾದ ಮುಖದಿಂದ, “ಇಲ್ಲ... ನೆದರಿಲ್ಲ... ಸುಳ್ಳ ಅಂದೆ ಬೀಗರ, ತಪ್ಪಾತು,” ಎಂದಳು. ಮಾತಿಗೆ ತಪ್ಪುವ ಹೆಂಗಸಲ್ಲ. ಸಾವಿತ್ರೆವ್ವನ ಕೈಯಿಂದ ಕೂಸನ್ನು ತೆಗೆದುಕೊಂಡು, ಕುಂಚಿಗೆ ಸರಿಸಿ, ನನ್ನ ತೊಡೆಯ ಮೇಲೆ ಇಟ್ಟಳು. “ನೋಡ್ರಿ. ಕಣ್ಣ ತುಂಬ ನೋಡ್ರಿ. ಯಾರೂ ಬ್ಯಾಡ ಅನ್ನೂದಿಲ್ಲ.”

ನೋಡುವುದು ಎಲ್ಲಿಂದ ಬಂತು? ಬರಿಗೈಯಿಂದ ಕಾಯಿ ಕಿತ್ತ ನಾನು ಓಡುವಾಗ ಅದೇ ಕೈಯಿಂದ ಎರಡೂ ಕಣ್ಣು ಉಜ್ಜಿಕೊಂಡಿದ್ದೆ. ರೆಪ್ಪೆ ಬಿಡಿಸಲು ಬರುತ್ತಿರಲಿಲ್ಲ. ಕಣ್ಣೊಳಗೆ ಕೆಂಡ, ಕೆನ್ನೆಯ ಮೇಲೆ ಹಳ್ಳ. ಹೋಗಲಿ, ಕೈಯಿಂದಲಾದರೂ ಮುಟ್ಟಿ ತಿಳಿಯೋಣ ಎಂದು ಕೈ ಚಾಚಿದೆ.

“ಆ ಕೈಲೆ ಕೂಸ ಮುಟ್ಟಿದ್ರ ನೋಡ್ರಿ!” ಎಂದು ಸಿದ್ದಲಿಂಗವ್ವ ಚೀರಿದಳು.

ಎರಡೂ ಕೈ ಮೇಲಕ್ಕೆತ್ತಿ, ಎರಡೂ ಕಣ್ಣು ಮುಚ್ಚಿ, ಸಿಕ್ಕಿಬಿದ್ದ ಕಳ್ಳನ ಹಾಗೆ ಬೇವಿನಕಟ್ಟೆಯ ಮೇಲೆ ಕುಳಿತೆ. ತೊಡೆಯ ಮೇಲೆ ಒಂದು ಬೆಚ್ಚನೆಯ ಭಾರ ಮಿಸುಕಿತು. ಬಗ್ಗಿದೆ. ಒಂದು ಸಣ್ಣ ಮುಷ್ಟಿ ನನ್ನ ಮೀಸೆ ಹಿಡಿದು ಗಟ್ಟಿಯಾಗಿ ಎಳೆಯಿತು. ಅದು ಬಿಡಲಿಲ್ಲ, ನಾನೂ ತಲೆ ಎತ್ತಲಿಲ್ಲ.

“ನೋಡ್ರಿ ಬೀಗರ, ಯಾಕ ನೋಡವಲ್ರಿ?” ಎಂದು ಗೌರವ್ವ ಮತ್ತೆ ಒತ್ತಾಯಿಸಿದಳು. ಹದಿನೇಳು ದಿನ ಗೋಡೆ ನೋಡಿಕೊಂಡು ಹೋಗು ಎಂದ ಬಾಯಿ ಅದು!

“ನೋಡತೀನ್ರೀ!” ಎಂದು ನಾನು ಒದರಿದೆ. “ಸಂಜೀತನಕ ತಡೀರಿ, ಕಣ್ಣ ತಗದ ಕೂಡಲೇ ನೋಡತೀನಿ. ಅಲ್ಲಿತನಕ ಯಾರಾದ್ರೂ ಈ ಕೂಸ ನನ್ನ ತೊಡಿಮ್ಯಾಲಿಂದ ಎತ್ತಿದ್ರ ಸುಮ್ಮನಿರೂದಿಲ್ಲ ನಾ!”

ಯಾರೂ ಎತ್ತಲಿಲ್ಲ.